ಅರವತ್ತರ ನಂತರ ಬರೆಯಲು ಹೊರಟರೆ ಬರೀ ಪ್ರವಚನ ಬರುತ್ತಿದೆ ಎಂದವರಿಗೆ

ಇದಕ್ಕೆ ವಯಸ್ಸು ಕಾರಣವಲ್ಲ. ಇಷ್ಟು ವರ್ಷ ಚರ್ಚಿನಲ್ಲಿ ಕೇಳಿದ ಕನ್ನಡವೇ ಕೈಗೆ ಬರುತ್ತಿರಬೇಕು.

ಮೊದಲು ಬೈಬಲಿನಲ್ಲಿ ಯೋಹಾನನ ಸುವಾರ್ತೆಯ 21ನೇ ಅಧ್ಯಾಯ ಓದಿ. ರಾತ್ರಿಯಿಡೀ ಬಲೆ ಬೀಸಿಯೂ ಏನೂ ಸಿಗದೆ ದಣಿದ ಯೇಸುವಿನ ಶಿಷ್ಯರಿಗೆ ದಡದಲ್ಲಿ ಕೆಂಡದ ಮೇಲೆ ಮೀನು, ಜೊತೆಗೆ ರೊಟ್ಟಿ. ಕಾರವಾರದ ಬೈತಖೋಲ ಮೀನುಗಾರಿಕೆ ಬಂದರಿನಲ್ಲಿ ಬೋಟುಗಳ ಲೆಕ್ಕ ಬರೆದ ನಿಮಗೆ ಖಾಲಿ ಬಲೆ ಅಂದರೇನು ಅಂತ ಗೊತ್ತು, ಅಲ್ವಾ? ಅದನ್ನೇ ಬರೆಯಿರಿ: ಡೀಸೆಲ್ ಸಾಲ, ಕರಗಿದ ಐಸು, ಮನೆಗೆ ಹೋಗಲು ಹಿಂಜರಿಯುವ ತಾಂಡೇಲ, ಅಂದರೆ ಬೋಟು ನಡೆಸುವವ. ಉಪದೇಶದ ಸಾಲು ಬಂದರೆ ಹೊಡೆದುಹಾಕಿ. ಇದು ಕಷ್ಟ, ಆದರೆ ಬರಹ ನಿಮ್ಮದಾಗುವುದು ಇಲ್ಲೇ.

ಆಮೇಲೆ ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿ. ಅವರು ತಡೆದು ಪ್ರಶ್ನೆ ಕೇಳಿದ ಕಡೆ ಇನ್ನಷ್ಟು ಬರೆಯಿರಿ.

ಈ ಬರೆಯುವ ಆಸೆ ದೇವರ ಕರೆಯೇ ಅಂತಲೂ ಕೇಳಿದ್ದೀರಿ. ಅದನ್ನು ನಾನು ಹೇಳಲಾರೆ, ನಿಮ್ಮ ಪಾದ್ರಿಗಳ ಹತ್ತಿರ ಮಾತಾಡಿ. ಅಲ್ಲಿಯವರೆಗೆ ಸುಮ್ನೆ ಕಾಯಬೇಡಿ, ಮೊದಲ ಎರಡು ಪುಟ ಈ ವಾರವೇ ಮುಗಿಸಿ.