ಸೆಪುಲ್ಟುರಾ ಬ್ಯಾಂಡ್‌ನಲ್ಲಿ ಅಂಥದ್ದೇನಿದೆ? ಎಲ್ಲಿಂದ ಕೇಳಲು ಶುರು ಮಾಡಬೇಕು?

ಮೆಟಾಲಿಕಾ, ಸ್ಲೇಯರ್‌ನಂಥ ಮೆಟಲ್ ಬ್ಯಾಂಡ್‌ಗಳನ್ನೆಲ್ಲ ಕೇಳಿ ಆಗಿದೆ, ಸೆಪುಲ್ಟುರಾ ಹೆಸರು ಮಾತ್ರ ಪದೇ ಪದೇ ಕಿವಿಗೆ ಬೀಳುತ್ತೆ, ಅವರಲ್ಲಿ ಅಂಥದ್ದೇನಿದೆ, ಯಾವ ಆಲ್ಬಮ್ ಮೊದಲು ಕೇಳಲಿ ಅಂತ ನೀವು ಕೇಳಿದ್ದೀರಿ.

ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. 1993ರ 'ಕೇಯಾಸ್ ಎ.ಡಿ.' ಕೇಳಿ. ಹೆಡ್‌ಫೋನ್ ಹಾಕಿಕೊಂಡೇ ಕೇಳಿ. ಮೊದಲು ಬರುವುದು ಗಿಟಾರ್ ಅಲ್ಲ, ಒಂದು ಎದೆಬಡಿತ. ಹಾಡುಗಾರ ಮ್ಯಾಕ್ಸ್ ಕವಲೇರಾನ ಮಗ ಝಯಾನ್ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗ ರೆಕಾರ್ಡ್ ಮಾಡಿದ ಬಡಿತ ಅದು. ಅದರ ಬೆನ್ನಿಗೇ ಮ್ಯಾಕ್ಸ್‌ನ ತಮ್ಮ ಇಗೋರ್‌ನ ಡ್ರಮ್ಸ್ ಶುರುವಾಗುತ್ತೆ. ಹಾಸ್ಟೆಲ್‌ನಲ್ಲಿ ಗೆಳೆಯನೊಬ್ಬ ಕಾಪಿ ಮಾಡಿಕೊಟ್ಟ ಕ್ಯಾಸೆಟ್‌ನಲ್ಲಿ ನಾನು ಇದನ್ನು ಮೊದಲು ಕೇಳಿದ್ದು. ಮೊದಲ ಹಾಡು ಮುಗಿದ ಕೂಡಲೇ ರಿವೈಂಡ್ ಮಾಡಿದೆ. ತಮಟೆ ಕೇಳಿ ಬೆಳೆದ ಕಿವಿಗೆ ಆ ಡ್ರಮ್ಸ್ ಪರಕೀಯ ಅನ್ನಿಸಲೇ ಇಲ್ಲ. (ಹೊಟ್ಟೆಯಲ್ಲಿದ್ದ ಆ ಮಗು ಬೆಳೆದು, ಅಪ್ಪನ ಇನ್ನೊಂದು ಬ್ಯಾಂಡ್ ಸೋಲ್‌ಫ್ಲೈನಲ್ಲಿ ಡ್ರಮ್ಸ್ ನುಡಿಸುವವನಾದ. ಈ ವಿಷಯ ನೆನೆದಾಗಲೆಲ್ಲ ನನಗೆ ತುಂಬಾ ಖುಷಿಯಾಗುತ್ತೆ.)

ಇನ್ನು ಅಂಥದ್ದೇನಿದೆ ಅನ್ನೋ ಮಾತಿಗೆ ಬರುತ್ತೇನೆ. ಥ್ರ್ಯಾಶ್ (ತುಂಬಾ ವೇಗದ, ಒರಟಾದ ಮೆಟಲ್ ಶೈಲಿ) ಅಂದರೆ ಆಗ ಅಮೆರಿಕ, ಅದು ಬಿಟ್ಟರೆ ಜರ್ಮನಿ. ಇವರು ಬ್ರೆಜಿಲ್‌ನ ಬೆಲೊ ಹೊರಿಜಾಂಟೆ ಊರಿನ ಹುಡುಗರು. 1984ರಲ್ಲಿ ಬ್ಯಾಂಡ್ ಕಟ್ಟಿದಾಗ ದೇಶದಲ್ಲಿ ಇನ್ನೂ ಸೇನೆಯ ಆಡಳಿತ ಇತ್ತು. ಕವಲೇರಾ ಅಣ್ಣತಮ್ಮಂದಿರು ಚಿಕ್ಕ ವಯಸ್ಸಿನಲ್ಲೇ ಅಪ್ಪನನ್ನು ಕಳೆದುಕೊಂಡಿದ್ದರು. ಸೆಪುಲ್ಟುರಾ ಅಂದರೆ ಪೋರ್ಚುಗೀಸ್‌ನಲ್ಲಿ ಸಮಾಧಿ. ಮೋಟರ್‌ಹೆಡ್ ಬ್ಯಾಂಡ್‌ನ ಒಂದು ಹಾಡನ್ನು ತನ್ನ ಭಾಷೆಗೆ ತಂದುಕೊಳ್ಳುವಾಗ ಮ್ಯಾಕ್ಸ್‌ಗೆ ಸಿಕ್ಕ ಪದ ಅದು. 1986ರ 'ಮಾರ್ಬಿಡ್ ವಿಷನ್ಸ್' ಒರಟು ಒರಟಾಗಿದೆ. ಗಿಟಾರ್ ಶ್ರುತಿಯನ್ನೂ ಅವರು ಸರಿಯಾಗಿ ಮಾಡಿಕೊಂಡಿರಲಿಲ್ಲ. ಆದರೂ ಆ ಹಸಿವು ಕೇಳಿಸುತ್ತೆ.

ಗಿಟಾರಿಸ್ಟ್ ಆಂಡ್ರೆಯಾಸ್ ಕಿಸ್ಸರ್ ಬಂದ ಮೇಲೆ ಆಟವೇ ಬದಲಾಯಿತು. ರೋಡ್‌ರನ್ನರ್ ಎಂಬ ರೆಕಾರ್ಡ್ ಕಂಪನಿ ಕೈ ಹಿಡಿಯಿತು. ಫ್ಲೋರಿಡಾದಿಂದ ನಿರ್ಮಾಪಕ ಸ್ಕಾಟ್ ಬರ್ನ್ಸ್ ಬಂದ. 1988ರ ಡಿಸೆಂಬರ್‌ನಲ್ಲಿ ರಿಯೊದ ಸ್ಟುಡಿಯೊವೊಂದರಲ್ಲಿ ರಾತ್ರಿಯೆಲ್ಲ ಕೂತು ರೆಕಾರ್ಡ್ ಮಾಡಿದರು. ಹೀಗೆ ಬಂದದ್ದು 'ಬಿನೀತ್ ದ ರಿಮೇನ್ಸ್' (1989). ವೇಗದ ಥ್ರ್ಯಾಶ್ ಇಷ್ಟ ಅಂದರೆ ಇದಕ್ಕಿಂತ ಚೆನ್ನಾಗಿರೋದು ಸಿಗೋದು ಕಷ್ಟ. 1991ರ 'ಅರೈಸ್' ಕೂಡ ಅದೇ ಸಾಲಿನದು, ಇನ್ನಷ್ಟು ಬಿಗಿ.

ಅಲ್ಲಿಗೇ ನಿಂತಿದ್ದರೆ ಅವರು ಒಂದು ಒಳ್ಳೆಯ ಥ್ರ್ಯಾಶ್ ಬ್ಯಾಂಡ್ ಅಷ್ಟೇ ಆಗಿರುತ್ತಿದ್ದರು. ಯಾರಿಗೂ ಕಡಿಮೆ ಇಲ್ಲದ ವೇಗ ಕೈಗೆ ಬಂದ ಮೇಲೆ ಅವರು ವೇಗ ಇಳಿಸಿದರು. ನನಗೆ ಇವರು ಮುಖ್ಯ ಅನ್ನಿಸೋದು ಇದೇ ಕಾರಣಕ್ಕೆ. ತಮ್ಮ ಬೀದಿಯ ಸದ್ದಿಗೆ ಕಿವಿಕೊಟ್ಟರು. 'ಕೇಯಾಸ್ ಎ.ಡಿ.'ಯಲ್ಲಿ ದೆವ್ವ ಪಿಶಾಚಿ ಇಲ್ಲ, ಬ್ರೆಜಿಲ್ ಇದೆ. 1992ರ ಅಕ್ಟೋಬರ್ 2ರಂದು ಸಾವೊ ಪೌಲೊದ ಕರಾಂಜಿರು ಜೈಲಿನಲ್ಲಿ 111 ಕೈದಿಗಳು ಸತ್ತರು. 'ಮ್ಯಾನಿಫೆಸ್ಟ್' ಹಾಡು ಅದರ ಬಗ್ಗೆಯೇ. ತಮ್ಮ ನೆಲಕ್ಕಾಗಿ ಪ್ರಾಣ ಬಿಡಲೂ ಹೆದರದ ಕಯೊವಾ ಬುಡಕಟ್ಟಿನವರಿಗಾಗಿ ಮಾಡಿದ 'ಕಯೊವಾಸ್' ಹಾಡಿನಲ್ಲಿ ಮಾತೇ ಇಲ್ಲ. ವೇಲ್ಸ್‌ನ ಹಳೆಯ ಕೋಟೆಯೊಂದರ ಪಾಳು ಗೋಡೆಗಳ ನಡುವೆ ಅಕೂಸ್ಟಿಕ್ ಗಿಟಾರ್, ಡ್ರಮ್ ಇಟ್ಟುಕೊಂಡು ಅದನ್ನು ನುಡಿಸಿದ್ದಾರೆ.

ಮ್ಯಾಕ್ಸ್‌ನ ಗಿಟಾರ್ ಗಮನಿಸಿ. ಅದರಲ್ಲಿ ನಾಲ್ಕೇ ತಂತಿ. ಸಣ್ಣ ತಂತಿ ಎರಡೂ ಇಲ್ಲ. ಅವನಿಗೆ ಅವು ಬೇಕಾಗಿರಲಿಲ್ಲ. ನಾನೂ ಒಂದು ಸಲ ನನ್ನ ಗಿಟಾರ್‌ನ ಆ ಎರಡು ತಂತಿ ಬಿಚ್ಚಿ, ಉಳಿದವನ್ನು ಸಡಿಲಿಸಿ 'ರೂಟ್ಸ್ ಬ್ಲಡಿ ರೂಟ್ಸ್' ನುಡಿಸಿ ನೋಡಿದೆ. ಬೆರಳು ಓಡಬೇಕಾದ್ದೇ ಇಲ್ಲ. ಒಂದೇ ಪೆಟ್ಟನ್ನು ಎಷ್ಟು ಭಾರವಾಗಿ ಹೊಡೆಯುತ್ತೀರಿ ಅನ್ನೋದೇ ಎಲ್ಲ. ಗಿಟಾರನ್ನೂ ಡ್ರಮ್ ಥರ ನುಡಿಸುತ್ತಾನೆ ಅವನು.

ಆ ಹಾಡಿರುವ 'ರೂಟ್ಸ್' (1996) ಇನ್ನೂ ಮುಂದೆ ಹೋಯಿತು. ಬ್ರೆಜಿಲ್‌ನ ಮಾತೊ ಗ್ರೊಸೊ ರಾಜ್ಯದ ಶವಾಂತೆ ಬುಡಕಟ್ಟಿನ ಜನರ ಹಳ್ಳಿಗೇ ಹೋಗಿ, ಅವರ ಜೊತೆ ಕೂತು 'ಇತ್ಸಾರಿ' ರೆಕಾರ್ಡ್ ಮಾಡಿಕೊಂಡು ಬಂದರು. ಶವಾಂತೆ ಭಾಷೆಯಲ್ಲಿ ಇತ್ಸಾರಿ ಅಂದರೆ ಬೇರು. ಬಾಯೀಯಾ ರಾಜ್ಯದ ತಾಳವಾದ್ಯಗಾರ ಕಾರ್ಲಿನ್ಯೋಸ್ ಬ್ರೌನ್‌ನನ್ನು ಕರೆಸಿ 'ರತಮಹಟ್ಟ' ಮಾಡಿದರು. ಥ್ರ್ಯಾಶ್ ಬಿಟ್ಟುಕೊಟ್ಟರು ಅಂತ ಹಳೆಯ ಅಭಿಮಾನಿಗಳು ಇವತ್ತಿಗೂ ಮುನಿಸಿಕೊಳ್ಳುತ್ತಾರೆ. ನಾನು ಒಪ್ಪೋದಿಲ್ಲ. ಆ ತಾಳಗಳನ್ನು ಸುಮ್ನೆ ಅಲಂಕಾರಕ್ಕೆ ತಂದಿಲ್ಲ. ಅವನ್ನು ತೆಗೆದರೆ ಆ ಹಾಡುಗಳೇ ನಿಲ್ಲೋದಿಲ್ಲ.

ಪ್ರಭಾವದ ಬಗ್ಗೆ ಒಂದು ಮಾತು ಸರಿಯಾಗಿ ಹೇಳಬೇಕು. ನ್ಯೂ ಮೆಟಲ್ (ಮೆಟಲ್‌ಗೆ ಹಿಪ್‌ಹಾಪ್‌ನಂಥ ತಾಳಗಳನ್ನು ಬೆರೆಸಿದ ಶೈಲಿ) ಎಲ್ಲ ಸೆಪುಲ್ಟುರಾದಿಂದಲೇ ಹುಟ್ಟಿತು ಅನ್ನೋದು ಪೂರ್ತಿ ನಿಜ ಅಲ್ಲ. 'ರೂಟ್ಸ್' ಮಾಡಿದ ನಿರ್ಮಾಪಕ ರಾಸ್ ರಾಬಿನ್ಸನ್ ಅದಕ್ಕೂ ಮೊದಲೇ ನ್ಯೂ ಮೆಟಲ್ ಬ್ಯಾಂಡ್ ಕಾರ್ನ್‌ನ ಮೊದಲ ಆಲ್ಬಮ್ ಮಾಡಿದ್ದ. ಕಾರ್ನ್‌ನ ಜೊನಾಥನ್ ಡೇವಿಸ್ 'ರೂಟ್ಸ್'ನಲ್ಲಿ ಹಾಡಿದ್ದಾನೆ ಕೂಡ. ಕೊಡು, ತೆಗೆದುಕೊಳ್ಳು ಎರಡೂ ಇತ್ತು. ಮುಂದೆ ಅದೇ ರಾಬಿನ್ಸನ್ 1999ರಲ್ಲಿ ಸ್ಲಿಪ್‌ನಾಟ್ ಬ್ಯಾಂಡ್‌ನ ಆಲ್ಬಮ್ ಮಾಡಿದ. ಅದರ ತಾಳದ ಅಬ್ಬರದಲ್ಲಿ 'ರೂಟ್ಸ್' ನೆರಳು ನನಗೆ ಕಾಣುತ್ತೆ. ಫ್ರಾನ್ಸ್‌ನ ಗೊಜಿರಾ ಬ್ಯಾಂಡ್ 2021ರಲ್ಲಿ ಹಾಡಿದ 'ಅಮೆಜೋನಿಯಾ' ಕೇಳಿ, ಯಾರ ನೆನಪಾಗುತ್ತೆ ಅಂತ ನೀವೇ ಹೇಳುತ್ತೀರಿ.

ದುಃಖದ ಸಂಗತಿ ಅಂದರೆ, ಎಲ್ಲಕ್ಕಿಂತ ಎತ್ತರದಲ್ಲಿದ್ದಾಗಲೇ ಬ್ಯಾಂಡ್ ಒಡೆಯಿತು. ಮ್ಯಾನೇಜರ್ ಗ್ಲೋರಿಯಾ ಮ್ಯಾಕ್ಸ್‌ನ ಹೆಂಡತಿ. ಉಳಿದ ಮೂವರಿಗೆ ಅವರನ್ನು ಮುಂದುವರಿಸುವುದು ಬೇಡವಾಗಿತ್ತು. 1996ರ ಡಿಸೆಂಬರ್ 16ರಂದು ಲಂಡನ್‌ನ ಬ್ರಿಕ್ಸ್‌ಟನ್ ಅಕಾಡೆಮಿಯಲ್ಲಿ ಹಾಡಿದ್ದೇ ಮ್ಯಾಕ್ಸ್‌ನ ಕೊನೆಯ ಕಾರ್ಯಕ್ರಮ. ಅದೇ ವರ್ಷ ಗ್ಲೋರಿಯಾ ಅವರ ಮಗ, ಮ್ಯಾಕ್ಸ್‌ನ ಮಲಮಗ ಡೇನಾನ ಸಾವೂ ಆಗಿತ್ತು. 2006ರಲ್ಲಿ ಇಗೋರ್ ಕೂಡ ಬಿಟ್ಟ. ಅಣ್ಣತಮ್ಮ ಆಮೇಲೆ ರಾಜಿಯಾದರು, ಕವಲೇರಾ ಕಾನ್ಸ್‌ಪಿರಸಿ ಕಟ್ಟಿದರು. ಸೆಪುಲ್ಟುರಾಕ್ಕೆ ಮಾತ್ರ ವಾಪಸ್ ಬರಲಿಲ್ಲ.

ಮ್ಯಾಕ್ಸ್ ಹೋದ ಮೇಲೆ ಬ್ಯಾಂಡ್ ಮುಗೀತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಮೆರಿಕದ ಡೆರಿಕ್ ಗ್ರೀನ್ ಮ್ಯಾಕ್ಸ್‌ಗಿಂತ ಎಷ್ಟೋ ಜಾಸ್ತಿ ವರ್ಷ ಅಲ್ಲಿ ಹಾಡಿದ್ದಾನೆ. 2020ರ 'ಕ್ವಾಡ್ರಾ' ಅಂತೂ ಗಟ್ಟಿ ಆಲ್ಬಮ್. 2023ರ ಕೊನೆಯಲ್ಲಿ ವಿದಾಯದ ಪ್ರವಾಸ ಘೋಷಿಸಿದರು.

ಹಾಗಾಗಿ 'ಕೇಯಾಸ್ ಎ.ಡಿ.' ಆದಮೇಲೆ ಹಿಂದಕ್ಕೆ ಹೋಗಿ 'ಬಿನೀತ್ ದ ರಿಮೇನ್ಸ್' ಕೇಳಿ, ಆಮೇಲೆ 'ರೂಟ್ಸ್'. 'ರೂಟ್ಸ್' ಮೊದಲ ಸಲಕ್ಕೆ ಹಿಡಿಸದೇ ಇರಬಹುದು. ಒಂದು ವಾರ ಬಿಟ್ಟು, 'ರತಮಹಟ್ಟ' ಒಂದನ್ನೇ ಜೋರಾಗಿ ಹಾಕಿ ನೋಡಿ.