‘ಅವನ ಪರಿಚಯ ಅಷ್ಟಿಲ್ಲ ಸಾರ್’

ಪ್ರಶ್ನೆ: ನಾನೂ ನನ್ನ ಗೆಳೆಯನೂ ಮಂಗಳೂರು ಕಡೆಯವರು. ಬೆಂಗಳೂರಿನಲ್ಲಿ ಒಂದೇ ಆಫೀಸು, ಒಂದೇ ಚರ್ಚು. ಲೆಕ್ಕದಲ್ಲಾದ ಒಂದು ತಪ್ಪನ್ನು ಅವನ ತಲೆಗೆ ಕಟ್ಟಿದರು. ಅವನದಲ್ಲ ಅಂತ ನನಗೆ ಗೊತ್ತಿತ್ತು. ಮ್ಯಾನೇಜರ್ ಕೇಳಿದಾಗ ‘ಅವನ ಪರಿಚಯ ಅಷ್ಟಿಲ್ಲ ಸಾರ್’ ಅಂದುಬಿಟ್ಟೆ. ಅವನ ಕೆಲಸ ಹೋಯಿತು, ಆ ಜಾಗ ನನಗೆ ಸಿಕ್ಕಿತು. 3 ತಿಂಗಳಿಂದ ಚರ್ಚಿನ ಪೂಜೆಯಲ್ಲಿ ಕೊಡುವ ಪರಮಪ್ರಸಾದ ತೆಗೆದುಕೊಂಡಿಲ್ಲ. ನಾನು ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನಾ?

ಉತ್ತರ: ನೀವು ಆಡಿದ್ದು ಯೇಸುವಿನ ಇನ್ನೊಬ್ಬ ಶಿಷ್ಯ ಪೇತ್ರನ ಮಾತು. ಯೇಸುವನ್ನು ಬಂಧಿಸಿದ ರಾತ್ರಿ, ಪ್ರಧಾನಯಾಜಕನ ಅಂಗಳ, ಚಳಿ. ಆಳುಗಳು ಇದ್ದಲಿನ ಬೆಂಕಿ ಹಾಕಿ ಮೈ ಕಾಯಿಸಿಕೊಳ್ಳುತ್ತಿದ್ದರು. ಪೇತ್ರನೂ ಅವರ ನಡುವೆ ನಿಂತಿದ್ದ. ಮೊದಲು ಕೇಳಿದವಳು ಒಬ್ಬ ಕೆಲಸದ ಹುಡುಗಿ, ಅಷ್ಟೇ. ಅವನಿಗೆ ಯೇಸುವಿನ ಗುರುತೇ ಇಲ್ಲದಂತಾಯಿತು! ಹಾಗೆ 3 ಸಲ. ಕೊನೆಗೆ ಯೇಸುವಿನ ಊರ ಕಡೆಯ, ಗಲಿಲೇಯದ ಮಾತಿನ ಧಾಟಿಯೇ ಅವನನ್ನು ಹಿಡಿದುಕೊಟ್ಟಿತು. (ನಿಮ್ಮಿಬ್ಬರ ಮಂಗಳೂರು ಕನ್ನಡ ಕೇಳಿಯೂ ಮ್ಯಾನೇಜರಿಗೆ ಅನುಮಾನ ಬರಲಿಲ್ವಾ?)

ಆದರೆ ಪೇತ್ರನಿಗೆ ಅದರಿಂದ ಒಂದು ಕಾಸೂ ಹುಟ್ಟಲಿಲ್ಲ. ನಿಮಗೆ ಕುರ್ಚಿ ಸಿಕ್ಕಿದೆ. ಆ ಮಟ್ಟಿಗೆ ತಕ್ಕಡಿ ಯೂದನ ಕಡೆಗೇ ವಾಲುತ್ತದೆ, ಬೇಜಾರಾಗಬೇಡಿ. ಯೂದನೂ ಪಶ್ಚಾತ್ತಾಪ ಪಟ್ಟವನೇ. ಯೇಸುವನ್ನು ಹಿಡಿದುಕೊಡಲು ಪಡೆದಿದ್ದ 30 ಬೆಳ್ಳಿ ನಾಣ್ಯ ವಾಪಸ್ ತಂದ. ತಂದದ್ದು ಯಾರ ಹತ್ತಿರ? ಕೊಂಡವರ ಹತ್ತಿರ. ‘ನಮಗೇನು, ನೀನೇ ನೋಡಿಕೋ’ ಅಂದರು. ನೀವೂ 3 ತಿಂಗಳಿಂದ ಸುಮ್ನೆ ನಿಮಗೆ ನೀವೇ ಶಿಕ್ಷೆ ಕೊಟ್ಟುಕೊಂಡು ಕೂತಿದ್ದೀರಿ. ಅದರಿಂದ ನಿಮ್ಮ ಗೆಳೆಯನ ಮನೆಬಾಡಿಗೆ ಕಟ್ಟಲಾಗುತ್ತದಾ?

ಪೇತ್ರನ ಕಥೆ ಮುಗಿಯುವುದು ಇನ್ನೊಂದು ಬೆಂಕಿಯ ಮುಂದೆ. ಸಮುದ್ರದ ದಡ, ಬೆಳಗಿನ ಹೊತ್ತು, ಕೆಂಡದ ಮೇಲೆ ಮೀನು. ಬೈಬಲಿನ ಮೂಲ ಗ್ರೀಕಿನ ಹೊಸ ಒಡಂಬಡಿಕೆಯಲ್ಲಿ ‘ಇದ್ದಲ ಬೆಂಕಿ’ ಎಂಬ ಪದ ಬರುವುದೇ 2 ಸಲ, ಎರಡೂ ಯೋಹಾನನ ಸುವಾರ್ತೆಯಲ್ಲಿ: ಒಂದು ಆ ಅಂಗಳದಲ್ಲಿ, ಒಂದು ಇಲ್ಲಿ. ಅದೇ ವಾಸನೆ ಮೂಗಿಗೆ ಬಡಿಯುತ್ತಿರುವಾಗ, ಸಾವಿನಿಂದೆದ್ದ ಯೇಸು ‘ನನ್ನನ್ನು ಪ್ರೀತಿಸುತ್ತೀಯಾ’ ಎಂದು ಕೇಳಿದ್ದಕ್ಕೆ ಪೇತ್ರ 3 ಸಲ ಉತ್ತರ ಕೊಡಬೇಕಾಯಿತು. ಮೂರನೇ ಸಲಕ್ಕೆ ಅವನಿಗೆ ನೋವಾಯಿತು ಅಂತಲೂ ಬರೆದಿದೆ. ನನಗೆ ಅದು ಮುಖ್ಯ ಅನಿಸುತ್ತದೆ.

ಹಾಗಾಗಿ ಮೊದಲು ಮ್ಯಾನೇಜರಿಗೆ ಬರೆದುಕೊಡಿ: ತಪ್ಪು ಅವನದಲ್ಲ, ಅವನು ನನಗೆ ಚೆನ್ನಾಗಿ ಗೊತ್ತು. ಕುರ್ಚಿ ಅಲ್ಲಾಡಿದರೆ ಅಲ್ಲಾಡಲಿ. ಪಾಪನಿವೇದನೆಗೂ ಹೋಗಿ. ಆದರೆ ಗೆಳೆಯನ ಪರವಾಗಿ ಫಾದರ್ ಕ್ಷಮಿಸಲಾರರು, ಅವನ ಮನೆಗೇ ಹೋಗಬೇಕು. ವಾಟ್ಸಾಪ್ ಬೇಡ. ಪೂಜೆ ಮುಗಿದ ಮೇಲೆ ಗೇಟಿನ ಹತ್ತಿರವೂ ಬೇಡ, ಅಲ್ಲಿ ನಾಲ್ಕು ಜನರೆದುರು ಅವನು ‘ಪರವಾಗಿಲ್ಲ ಮಾರಾಯ’ ಅನ್ನಲೇಬೇಕಾಗುತ್ತದೆ. ಆಡಿದ ಮಾತನ್ನು ಇದ್ದ ಹಾಗೇ ಹೇಳಿ. ಬಾಗಿಲು ತೆರೆಯದಿದ್ದರೆ ಮುಂದಿನ ವಾರ ಮತ್ತೆ ಹೋಗಿ.