ಮರಳಿನ ಕಣವೇ ಮುತ್ತಾಗುತ್ತದೆಯೇ?

ಚಿಪ್ಪಿನೊಳಗೆ ಮರಳಿನ ಕಣ ಸೇರಿದರೆ ಮುತ್ತಾಗುತ್ತದೆ ಅಂತಾರಲ್ಲ, ನಿಜವೇ ಎಂದು ಕೇಳಿದ್ದೀರಿ. ನಾನೂ ಹಾಗೇ ನಂಬಿದ್ದೆ; ಆದರೆ ಅದು ಬಹಳ ಅಪರೂಪ. ಮರಳಿನ ನಡುವೆಯೇ ಬಾಳುವ ಜೀವಿಗೆ ಅದನ್ನು ಹೊರದಬ್ಬಲು ಬಾರದೇ ಇರುತ್ತದೆಯೇ! ಸಾಮಾನ್ಯವಾಗಿ ಶುರುವಾಗುವುದು ಒಳಹೊಕ್ಕ ಪರಾವಲಂಬಿಯಿಂದ, ಇಲ್ಲವೇ ಗಾಯದಿಂದ. ಆಗ ಚಿಪ್ಪನ್ನು ಕಟ್ಟುವ ಮ್ಯಾಂಟಲ್ ಎಂಬ ಹೊದಿಕೆಯ ಕೆಲವು ಜೀವಕೋಶಗಳು ಒಳಗಿನ ಮಾಂಸಕ್ಕೆ ಸರಿದು, ಅಲ್ಲೇ ಬೆಳೆದು ಪುಟ್ಟ ಚೀಲವಾಗುತ್ತವೆ. ಹಳೆಯ ಕಸುಬನ್ನಂತೂ ಬಿಡುವುದಿಲ್ಲ: ಚಿಪ್ಪಿನ ಒಳಮೈಗೆ ಬಳಿಯುತ್ತಿದ್ದುದನ್ನೇ ಚೀಲದೊಳಗೂ ಸುರಿಸುತ್ತವೆ. ಅರಗೊನೈಟ್ ಎಂಬ ಕ್ಯಾಲ್ಸಿಯಂ ಕಾರ್ಬೊನೇಟಿನ ಬಿಲ್ಲೆಗಳು, ನಡುವೆ ಅಂಟಿನಂಥ ಪ್ರೋಟೀನು, ಪದರದ ಮೇಲೆ ಪದರ. ಒಂದೊಂದು ಪದರ ಸುಮಾರು 0.5 ಮೈಕ್ರೋಮೀಟರ್ ದಪ್ಪ, ಹೆಚ್ಚುಕಡಿಮೆ ಬೆಳಕಿನ ತರಂಗಾಂತರದಷ್ಟು. ಆ ಬಣ್ಣಬಣ್ಣದ ಹೊಳಪು ಬರುವುದು ಅದರಿಂದಲೇ. ಸಿಹಿನೀರಿನ ಚಿಪ್ಪುಜೀವಿಗಳಲ್ಲೂ ಹೀಗೇ.